ಹನ್ನೆರಡೂ ಇಪ್ಪತ್ತಕ್ಕೆ ನಿಲ್ಲುವ ಹಾಡು

“ಈ ಡಬ್ಬಿ ತಗೊಂಡು ಹೋಗಿ ಕೆರ್ಯಾಗ ಒಗಿ! ಇಲ್ಲಂದ್ರ ಅದರ ಕೂಡ ನೀನೂ ಬೀಳು!”

ಅಕ್ಕ ಸೌಟನ್ನು ನನ್ನ ಮೂಗಿನ ನೇರಕ್ಕೆ ಹಿಡಿದು ನಿಂತಿದ್ದಳು. ಸೌಟಿನ ತುದಿಯಲ್ಲಿ ನಾಲ್ಕು ಅಗುಳು ಅನ್ನ. ಮೇಲೆ ಬೆಳ್ಳಗೆ, ಒಳಗೆ ಕಲ್ಲು.

“ಡಬ್ಬಿಗೆ ಯಾಕ ಬೈತಿ? ನಿನ್ನ ಗ್ವಾಡಿ ಎರಡ ಮೊಳ ದಪ್ಪ ಅದಾವ. ಹಾಡು ಹಾದು ಬರಬೇಕೋ ಬ್ಯಾಡೋ?” ಎಂದೆ ನಾನೂ ದನಿ ಏರಿಸಿ.

“ಇಪ್ಪತ್ತೆರಡು ವರ್ಷದಿಂದ ಇವ ಗ್ವಾಡಿ! ರೇಡಿಯೋಕ್ಕ ಅಡ್ಡ ಬರಲಿಲ್ಲ, ಟೇಪಿಗೆ ಅಡ್ಡ ಬರಲಿಲ್ಲ, ನಿನ್ನ ಡಬ್ಬಿಗೆ ಅಡ್ಡ ಬಂದುವು?”

“ಕುಣಿಲಾರದಾಕಿ ನೆಲಾ ಡೊಂಕು ಅಂದ್ಲಂತ,” ಎಂದು ಹೊರಗಿನ ಪಡಸಾಲೆಯಿಂದ ಕೊಟ್ರೇಶಿ ಮಾಸ್ತರ ದನಿ ಬಂತು. ಖಾಲಿ ತಾಟಿನ ಮುಂದೆ ಕುಳಿತಿದ್ದ ಉಳಿದವರು ನಕ್ಕರು. ಹಸಿದವರ ನಗೆ ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ.

ನನ್ನ ಅಕ್ಕ ನೀಲವ್ವ ಖಾನಾವಳಿ ನಡೆಸುತ್ತಿದ್ದಳು. ನಾನು ಹಾಡಿನ ಡಬ್ಬಿಗಳನ್ನು ಕೂಡಿಸುವವನು, ಕೆಟ್ಟರೆ ರಿಪೇರಿ ಮಾಡುವವನು. ನಮ್ಮ ಊರಿನಲ್ಲಿ ಇವೆರಡೂ ಒಂದೇ ಕಸುಬಿನ ಎರಡು ತುದಿ. ಯಾಕೆಂದರೆ ನಮ್ಮಲ್ಲಿ ಹಾಡು ಕೇಳದೆ ಅಕ್ಕಿ ಬೇಯುವುದಿಲ್ಲ. ಹೊರಗಿನಿಂದ ಬಂದ ಒಬ್ಬ ಇಂಜಿನಿಯರ ಇದನ್ನು ನಂಬದೆ, ಬಾಯಿ ಮುಚ್ಚಿಕೊಂಡು ಮೂರು ತಾಸು ಒಲೆ ಉರಿಸಿದ. ಅಕ್ಕಿ ಬಿಸಿನೀರಿನಲ್ಲಿ ಹರಳಿನಂತೆ ಉರುಳಾಡುತ್ತಿತ್ತು. ಕೊನೆಗೆ ಹೊಟ್ಟೆ ಹಸಿದು ಆತ ಶಾಲೆಯಲ್ಲಿ ಕಲಿತ ನಾಡಗೀತೆ ಹಾಡಿದನಂತೆ. ಅನ್ನ ಆಯಿತು, ಆದರೆ ನಿಂತುಕೊಂಡೇ ಉಣ್ಣಬೇಕಾಯಿತು ಎಂದು ಜನ ಇಂದಿಗೂ ಆಡಿಕೊಳ್ಳುತ್ತಾರೆ.

ಹಾಡು ಹೇಗೋ ಅನ್ನ ಹಾಗೆ. ಚುರುಕಾದ ಭಜನೆ ಹಾಕಿದರೆ ಅನ್ನ ಉದುರುದುರು, ಅಗುಳು ಎಣಿಸಬಹುದು. ನಿಧಾನದ ಹಾಡಾದರೆ ಮೆತ್ತಗೆ. ಅಳುವ ಹಾಡಾದರೆ ನೀರು ಬಿಟ್ಟುಕೊಳ್ಳುತ್ತದೆ. ಸಾವಾದ ಮನೆಯಲ್ಲಿ ಹಾಡು ಹಾಕುವಂತಿಲ್ಲ, ಅದಕ್ಕೇ ಹತ್ತು ದಿನ ರೊಟ್ಟಿ. ಜೋಳಕ್ಕೆ ಈ ಹಟ ಇಲ್ಲ. ಜೋಳ ಬಡವರ ಮಗಳು, ಬೈದರೂ ಬೇಯುತ್ತಾಳೆ ಎಂದು ನಮ್ಮವ್ವ ಹೇಳುತ್ತಿದ್ದಳು.

ಹಾಡು ನಡುವೆ ನಿಂತರೆ ಅಕ್ಕಿಯೂ ಅಲ್ಲಿಗೇ ನಿಲ್ಲುತ್ತದೆ. ಒಂದು ಸಲ ನಿಂತರೆ ಸಂಬಾಳಿಸಿಕೊಂಡು ಮುಂದೆ ಹೋಗುತ್ತದೆ, ಎರಡು ಸಲವೂ ಸಹಿಸುತ್ತದೆ. ಮೂರನೆಯ ಸಲಕ್ಕೆ ಮುನಿಸಿಕೊಳ್ಳುತ್ತದೆ. ಆಮೇಲೆ ನೀವು ತಲೆ ಮೇಲೆ ತಂಬೂರಿ ಹೊತ್ತು ಕುಣಿದರೂ ಅದು ಬೇಯುವುದಿಲ್ಲ.

ಮೊದಲು ಮನೆಮನೆಯಲ್ಲಿ ಹೆಂಗಸರೇ ಹಾಡುತ್ತಿದ್ದರು. ರೇಡಿಯೋ ಬಂದಾಗ ಗಂಟಲಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿತು, ಆದರೆ ನಡುವೆ ವಾರ್ತೆ ಬಂದು ಎಷ್ಟೋ ಮದುವೆಯ ಅನ್ನ ಹಾಳಾಯಿತು. ಆಮೇಲೆ ಟೇಪು. ನಾನು ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿ ಟೇಪು ರಿಪೇರಿಗೆ ಕುಳಿತವನು. ಈಗ ಹಾಡು ತಂತಿಯಲ್ಲಿ ಎಲ್ಲಿಂದಲೋ ಬರುತ್ತದೆ. ಪಡಸಾಲೆಯ ರೌಟರಿಗೆ ಇಳಿದು, ಅಲ್ಲಿಂದ ಗಾಳಿಯಲ್ಲಿ ಹಾದು, ಅಡುಗೆಮನೆಯ ಡಬ್ಬಿಯಲ್ಲಿ ಹಾಡುತ್ತದೆ. ನೂರಾ ಎಂಬತ್ತು ಮನೆಗಳಲ್ಲಿ ನಾನೇ ಕೂಡಿಸಿದ್ದೇನೆ. ಎಲ್ಲಿಯೂ ತಕರಾರಿಲ್ಲ. ನನ್ನ ಒಡಹುಟ್ಟಿದ ಅಕ್ಕನ ಮನೆಯಲ್ಲಿ ಮಾತ್ರ ತಿಂಗಳಿಂದ ಹನ್ನೆರಡೂ ಇಪ್ಪತ್ತಕ್ಕೆ ಸರಿಯಾಗಿ ಹಾಡು ಗಪ್ಪನೆ ನಿಲ್ಲುತ್ತಿತ್ತು. ಅಕ್ಕ ಗುಂಡಿ ಒತ್ತಿದರೆ ಎರಡು ನಿಮಿಷ ಹಾಡಿ ಮತ್ತೆ ನಿಲ್ಲುವುದು. ಮತ್ತೆ ಒತ್ತುವುದು, ಮತ್ತೆ ನಿಲ್ಲುವುದು. ಹಂಡೆ ತುಂಬಾ ಅಕ್ಕಿ ಮುನಿಸಿಕೊಂಡು ಕೂತಿರುತ್ತಿತ್ತು.

ನಲವತ್ತು ಜನ ಉಣ್ಣುವ ಖಾನಾವಳಿ ಅದು. ತಿಂಗಳಲ್ಲಿ ಹತ್ತೊಂಬತ್ತಕ್ಕೆ ಇಳಿದಿತ್ತು. ಉಳಿದವರೂ ರೊಟ್ಟಿಯ ಆಸೆಗೆ ಬರುತ್ತಿದ್ದರು.

“ಅಮವಾಸಿ ತನಕ ನೋಡ್ತೀನಿ, ಫಕೀರ,” ಎಂದಳು ಅಕ್ಕ ಸೌಟು ಕೆಳಗಿಟ್ಟು. ಈಗ ದನಿ ಸಣ್ಣದಾಗಿತ್ತು. ಅದು ಬೈಗುಳಕ್ಕಿಂತ ಕೆಟ್ಟದ್ದು. “ಆಮ್ಯಾಲ ಖಾನಾವಳಿ ಮುಚ್ಚತೀನಿ. ಬೇಯಲಾರದ ಅನ್ನ ನೀಡಿ ಹೆಸರು ಕೆಡಿಸಿಕೊಳ್ಳೂದಕ್ಕಿಂತ ಬಾಗಲಾ ಹಾಕೂದು ಚಲೋ.”

ಅಮವಾಸ್ಯೆಗೆ ಎಂಟು ದಿನವಿತ್ತು.

ಮೊದಲು ತಂತಿ ಬದಲಿಸಿದೆ. ಹಳೆಯ ತಂತಿಯನ್ನು ಇಲಿ ಕಡಿದಿತ್ತು, ಇದೇ ಕಾರಣ ಎಂದು ಎದೆಯುಬ್ಬಿಸಿ ಹೇಳಿದೆ. ಮರುದಿನ ಹನ್ನೆರಡೂ ಇಪ್ಪತ್ತಕ್ಕೆ ನಿಂತಿತು. ರೌಟರನ್ನು ಯಾರೋ ಸ್ಟೀಲಿನ ನೀರಿನ ಪಿಪಾಯಿಯ ಹಿಂದೆ ಸರಿಸಿದ್ದರು. ಅದನ್ನು ಎತ್ತಿ ಗೋಡೆಯಲ್ಲಿರುವ ದೇವರ ಮಾಡದ ಮೇಲೆ ಇಟ್ಟೆ. ಹಾಡು ಮೊದಲಿಗಿಂತ ಸ್ಪಷ್ಟವಾಗಿ ಬಂತು, ಅಷ್ಟೇ ಸ್ಪಷ್ಟವಾಗಿ ನಿಂತಿತು. ಮಿಕ್ಸರಿನ ಮೇಲೆ ಸಂಶಯ ಬಂದು ಅದನ್ನು ಬಂದ್ ಮಾಡಿಸಿದೆ. ರೊಟ್ಟಿ ಬಡಿಯುವ ಹುಸೇನಬಿ ಒಂದು ವಾರದ ಚಟ್ನಿಯನ್ನು ಒಳಕಲ್ಲಿನಲ್ಲಿ ರುಬ್ಬಿದಳು. ಪ್ರತಿ ಸುತ್ತಿಗೊಮ್ಮೆ ನನ್ನ ಹೆಸರು ಹೇಳಿ ಶಾಪ ಹಾಕುತ್ತಿದ್ದಳು.

“ಹುಸೇನಬಿ, ಜೋರಾಗಿ ಬೈಬ್ಯಾಡ, ಅಕ್ಕಿ ಕೇಳತೈತಿ,” ಎಂದೆ.

“ಕೇಳಲಿ ಬಿಡಣ್ಣ. ನನ್ನ ಬೈಗುಳಕ್ಕರ ಬೆಂದಾವು.”

ಶನಿವಾರ ಒಬ್ಬ ಕಳ್ಳ ಸಿಕ್ಕ. ಪಡಸಾಲೆಯಲ್ಲಿ ಊಟದ ಪಟ್ಟಿ ಬರೆಯುವ ಹಲಗೆಯಿದೆ. ಅನ್ನ, ಸಾರು, ಎರಡು ರೊಟ್ಟಿ, ಪಲ್ಯ. ಅದರ ಕೆಳಗೆ ಯಾರೋ ಚಂದದ ಅಕ್ಷರದಲ್ಲಿ ರೌಟರಿನ ಪಾಸ್‌ವರ್ಡ್ ಬರೆದಿದ್ದರು! ಉಣ್ಣಲು ಬಂದವರೆಲ್ಲ ಅನ್ನಕ್ಕೆ ಕಾಯುತ್ತಾ ತಮ್ಮ ಮೊಬೈಲಿನಲ್ಲಿ ಕುಸ್ತಿ, ಧಾರಾವಾಹಿ, ಭವಿಷ್ಯ ನೋಡುತ್ತಿದ್ದರು. ಹಾಡಿಗೆ ದಾರಿ ಎಲ್ಲಿ?

“ಇದನ್ನ ಬರದವರ ಯಾರು?” ಎಂದು ಕೂಗಿದೆ.

“ನಾನಽ,” ಎಂದರು ಮಾಸ್ತರು, ಪೆನ್ಷನ್ ಬಂದಷ್ಟು ಸಮಾಧಾನದಿಂದ. “ನಿಮ್ಮಕ್ಕನ ಅನ್ನ ಆಗೂತನಕ ಮಂದಿ ಏನು ಮಾಡಬೇಕಪಾ? ಗ್ವಾಡಿ ನೋಡಬೇಕೇನು? ಅವೂ ದಪ್ಪ ಅದಾವ ಅಂತಿ.”

ಹಲಗೆ ಒರೆಸಿ ಪಾಸ್‌ವರ್ಡ್ ಬದಲಿಸಿದೆ. ಇಬ್ಬರು ಅಲ್ಲಿಂದಲೇ ಎದ್ದು ಹೋದರು. ಹದಿನೇಳು. ಭಾನುವಾರ ಹನ್ನೆರಡೂ ಇಪ್ಪತ್ತಕ್ಕೆ ಹಾಡು ಮತ್ತೆ ನಿಂತಿತು. ನಾನು ಸ್ಕ್ರೂಡ್ರೈವರನ್ನು ಹಿತ್ತಲಿಗೆ ಒಗೆದೆ. ಆಮೇಲೆ ನಾನೇ ಹೋಗಿ ಹುಡುಕಿದೆ.

ಅಷ್ಟು ದಿನವೂ ಭಾವ ಒಂದು ಮಾತು ಆಡಿರಲಿಲ್ಲ. ಅಕ್ಕನ ಗಂಡ ಅಡಿವೆಪ್ಪ ಭಾವನದು ಮೊದಲಿನಿಂದಲೂ ಮಾತು ಕಡಿಮೆ. ಬಾಗಿಲ ಬಳಿ ಮೇಜಿನ ಮುಂದೆ ಕುಳಿತು ಬಂದವರಿಗೆ ಊಟದ ಚೀಟಿ ಕೊಡುವುದು, ಹನ್ನೆರಡಕ್ಕೆ ಎದ್ದು ಮರುದಿನದ ಅಕ್ಕಿ ಅಳೆಯಲು ಗೋದಾಮಿಗೆ ಹೋಗುವುದು, ಒಂದಕ್ಕೆ ಬಂದು ಮತ್ತೆ ಕುಳಿತುಕೊಳ್ಳುವುದು. ಎಲ್ಲರ ಊಟವಾದ ಮೇಲೆ ಮೂರು ಗಂಟೆಗೆ ಒಂದು ತಾಟು ತೆಗೆದುಕೊಂಡು ಹಿತ್ತಲಿಗೆ ಹೋಗಿ ಉಣ್ಣುವುದು. ನಾನು ಬೆವರು ಸುರಿಸುವುದನ್ನು ನೋಡಿ ಒಮ್ಮೆ ಒಂದು ಲೋಟ ನೀರು ತಂದುಕೊಟ್ಟ, ಮತ್ತೇನೋ ಹೇಳಲು ಬಾಯಿ ತೆರೆದು ಮುಚ್ಚಿದ.

ಸೋಮವಾರ ಹಾಡು ನಿಲ್ಲಲಿಲ್ಲ.

ಅನ್ನ ಮುತ್ತಿನಂತೆ ಆಯಿತು. ಅಕ್ಕ ನನ್ನ ಬೆನ್ನು ತಟ್ಟಿದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ, ಯಾಕೆಂದರೆ ಅಂದು ನಾನು ಏನನ್ನೂ ಮುಟ್ಟಿರಲಿಲ್ಲ. ಹಿಂದಿನ ಸೋಮವಾರ ಹೇಗಿತ್ತು ಎಂದು ಹುಸೇನಬಿಯನ್ನು ಕೇಳಿದೆ. ಅಂದೂ ನಿಂತಿರಲಿಲ್ಲವಂತೆ. ಅದರ ಹಿಂದಿನ ಸೋಮವಾರವೂ ಇಲ್ಲ. ಮಂಗಳವಾರ ಬಂತು, ಮತ್ತೆ ನಿಂತಿತು. ಅಮವಾಸ್ಯೆ ಮರುದಿನ.

ಅಲ್ಲೇ ಒಲೆಯ ಪಕ್ಕ ಕುಳಿತು, ಅಕ್ಕನ ಹೆಸರಿನಲ್ಲಿ ಯಾವ ಯಾವ ಹಾಡು ಯಾವಾಗ ಹಾಡಿದೆ ಎಂದು ನನ್ನ ಮೊಬೈಲಿನಲ್ಲಿ ತೆಗೆದು ನೋಡಿದೆ. ಇದನ್ನು ಮೊದಲ ದಿನವೇ ನೋಡಬೇಕಿತ್ತು. ಭಜನೆ, ಭಜನೆ, ಭಜನೆ, ಹನ್ನೆರಡೂ ಇಪ್ಪತ್ತಕ್ಕೆ ಜೋಗುಳ. ಭಜನೆ, ಜೋಗುಳ. ಭಜನೆ, ಜೋಗುಳ.

“ಅಕ್ಕ, ಜೋಗುಳ ಯಾಕ ಹಾಕತಿ?”

“ನಿನಗ ತಲಿ ನೆಟ್ಟಗೈತಿಲ್ಲೋ? ಖಾನಾವಳ್ಯಾಗ ಜೋಗುಳ ಹಾಕಿದ್ರ ಅನ್ನ ಅಂಬಲಿ ಆಗ್ತದ.”

ಆಗ ತಲೆಯಲ್ಲಿ ದೀಪ ಹತ್ತಿತು. ಹಾಡು ಕಳಿಸುವವರ ನಿಯಮ ಒಂದಿದೆ. ಒಂದು ಹೆಸರಿನ ಖಾತೆಗೆ ಒಂದು ಸಲಕ್ಕೆ ಒಂದೇ ಕಡೆ ಹಾಡು. ಅದೇ ಹೆಸರಿನಲ್ಲಿ ಇನ್ನೊಂದು ಕಡೆ ಹಾಡು ಹಚ್ಚಿದರೆ ಇಲ್ಲಿ ನಿಲ್ಲುತ್ತದೆ. ಇಲ್ಲಿ ಹಚ್ಚಿದರೆ ಅಲ್ಲಿ ನಿಲ್ಲುತ್ತದೆ. ಊರಲ್ಲಿ ಯಾರೋ ನಮ್ಮ ಅಕ್ಕನ ಹಾಡು ಎಳೆದುಕೊಂಡು ತಮ್ಮ ಅನ್ನ ಬೇಯಿಸಿಕೊಳ್ಳುತ್ತಿದ್ದರು!

ಕೈಯಲ್ಲಿದ್ದುದನ್ನು ಬಿಟ್ಟು ಓಣಿಗೆ ಇಳಿದೆ. ಮಟಮಟ ಮಧ್ಯಾಹ್ನ, ಊರಿಗೂರೇ ಹಾಡುತ್ತಿತ್ತು. ಒಂದು ಮನೆಯಿಂದ ಡೊಳ್ಳು, ಒಂದು ಮನೆಯಿಂದ ಶಹನಾಯಿ. ಪೊಲೀಸ್ ಚೌಕಿಯಲ್ಲಿ ಹವಾಲ್ದಾರ ಸ್ವತಃ ಗಂಟಲು ಕಿತ್ತುಕೊಳ್ಳುತ್ತಿದ್ದ. ಹೊಸದಾಗಿ ಮದುವೆಯಾದವರ ಮನೆಯಿಂದ ಎಂಥದೋ ಹಾಡು, ಅವರ ಅನ್ನ ಎಂದೂ ತಳ ಹಿಡಿಯುತ್ತದೆ. ನಾನು ಒಂದೊಂದು ಕಿಟಕಿಗೂ ಕಿವಿ ಹಚ್ಚುತ್ತಾ ನಡೆದೆ. ಒಬ್ಬ ಮುದುಕಿ ಕಸಬರಿಗೆ ತೋರಿಸಿದಳು. ಜೋಗುಳ ಎರಡು ಮನೆಗಳಲ್ಲಿ ಸಿಕ್ಕಿತು, ಎರಡರಲ್ಲೂ ತೊಟ್ಟಿಲಿತ್ತು. ಮೂರನೆಯ ಜೋಗುಳ ಸಿಕ್ಕಿದ್ದು ಹಳೇ ಗಾಣದ ಹಿಂದೆ, ಕೂಸು ಹೋಗಲಿ ಮನುಷ್ಯರೂ ವಾಸವಿಲ್ಲದ ಕಡೆ. ಅಕ್ಕನ ಅಕ್ಕಿ ಗೋದಾಮಿನಲ್ಲಿ.

ಬಾಗಿಲು ದೂಡಿದೆ. ಚೀಲಗಳ ನಡುವೆ ಒಂದು ಸಣ್ಣ ಸ್ಟೋವು, ಅದರ ಮೇಲೆ ಅಂಗೈಯಗಲದ ಪಾತ್ರೆ. ದನಿ ದೊಡ್ಡದಾಗಲೆಂದು ಹಿತ್ತಾಳೆಯ ತಂಬಿಗೆಯಲ್ಲಿ ಮೊಬೈಲು ಇಳಿಬಿಟ್ಟು ಭಾವ ಮಂಡಿ ಊರಿ ಕುಳಿತಿದ್ದ. ನನ್ನನ್ನು ನೋಡಿ, ಕದ್ದು ಬೀಡಿ ಸೇದುವ ಹುಡುಗನಂತೆ ಪಾತ್ರೆಯನ್ನು ಬೆನ್ನ ಹಿಂದೆ ಸರಿಸಲು ಹೋಗಿ ಕೈ ಸುಟ್ಟುಕೊಂಡ.

“ಭಾವ!”

“ಕೂಗಬ್ಯಾಡೋ ಫಕೀರ, ಇನ್ನ ಅರಳಿಲ್ಲ ಅದು.”

ತಂಬಿಗೆಯಲ್ಲಿ ಹಾಡು ನಿಂತಿತು. ಭಾವ ಚಟ್ಟನೆ ಮೊಬೈಲು ಎತ್ತಿ ಒತ್ತಿದ. ಮತ್ತೆ ಹಾಡು.

“ನಂದೂ ಹಿಂಗ ಮಾರಾಯ. ನಡುವ ನಿಲ್ತದ. ಅದರ ಮ್ಯಾಲ ಏನೋ ಇಂಗ್ಲಿಷ್ ಬರ್ತದ, ನಾನು ಅದನ್ನ ಒತ್ತತೀನಿ. ನಿನಗ ತೋರಸಬೇಕಂತಿದ್ದೆ, ಆದ್ರ ಎಲ್ಲಿ ಅಡಗಿ ಮಾಡತೀ ಅಂತ ಕೇಳಿದ್ರ?”

ತಿಂಗಳಿಂದ ಗಂಡ ಹೆಂಡತಿ ಊರಿನ ಎರಡು ತುದಿಯಲ್ಲಿ ಕುಳಿತು ಒಂದೇ ಹಾಡನ್ನು ಹಗ್ಗದಂತೆ ಎಳೆದಾಡಿದ್ದರು. ಇಬ್ಬರದೂ ಅನ್ನ ಬೆಂದಿರಲಿಲ್ಲ. ಸೋಮವಾರ ಮಾತ್ರ ಭಾವನ ಉಪವಾಸ, ಹಾಗಾಗಿ ಅಂದು ಅಕ್ಕನ ಅನ್ನ ಉಳಿದುಕೊಳ್ಳುತ್ತಿತ್ತು. ಹಗ್ಗವನ್ನು ಇಬ್ಬರ ಕೈಗೂ ಕೊಟ್ಟವನು ನಾನೇ. ಯುಗಾದಿ ಮುಂದೆ ಭಾವ ಬಂದು, ನನ್ನ ಮೊಬೈಲಿನ್ಯಾಗೂ ನಾಲ್ಕು ಹಾಡು ಬರೂಹಂಗ ಮಾಡೋ ಎಂದಿದ್ದ. ಇನ್ನೊಂದು ಹೆಸರು ಯಾರು ತೆರೆಯಬೇಕು ಎಂದು ನಾನು ಅಕ್ಕನ ಹೆಸರನ್ನೇ ಹಾಕಿಕೊಟ್ಟಿದ್ದೆ. ಆ ಮಾತು ನೆನಪಾದ ಕೂಡಲೇ ನನಗೆ ಭಾವನ ಮೇಲೆ ಇನ್ನಷ್ಟು ಸಿಟ್ಟು ಬಂತು.

“ನಲವತ್ತು ಮಂದಿಗೆ ನೀಡೋ ಮನಿ ಯಜಮಾನ ನೀ. ಕದ್ದು ಬೇಯಿಸಿಕೊಂಡು ಉಣ್ಣಾಕ ಏನಾಗೇತಿ ನಿನಗ?”

ಭಾವ ಸ್ಟೋವಿನ ಉರಿ ಸಣ್ಣದು ಮಾಡಿದ. “ನನಗ ಮೆತ್ತನ ಅನ್ನ ಬೇಕೋ. ನಮ್ಮವ್ವ ಜೋಗುಳ ಹಾಡಿ ಮಾಡ್ತಿದ್ಲು, ಬೆಣ್ಣಿ ಹಂಗ. ನಿಮ್ಮಕ್ಕಂದು ಉದುರುದುರು. ಊರೆಲ್ಲ ಹೊಗಳ್ತದ, ಹೊಗಳೂವಂಥಾದ್ದ ಅದು. ನನಗ ಮಾತ್ರ ಗಂಟಲದಾಗ ಇಳಿಯಂಗಿಲ್ಲ. ಇಪ್ಪತ್ತೆರಡು ವರ್ಷ ನೀರು ಕುಡದು ಕುಡದು ನುಂಗೀನಿ. ಈ ವರ್ಷ ಯಾಕೋ ಸಾಕನಿಸ್ತು.”

“ಮೂರು ಗಂಟೆಗೆ ಹಿತ್ತಲದಾಗ ಉಣ್ತೀಯಲ್ಲ?”

“ಎಮ್ಮಿಗೆ ಹಾಕತೀನಿ. ಅದಕ್ಕ ಸೇರ್ತದ.”

“ಅಕ್ಕಗ ಹೇಳಬೇಕಿಲ್ಲ?”

“ಏನಂತ ಹೇಳ್ಲಿ? ಖಾನಾವಳಿ ನೀಲವ್ವನ ಗಂಡಗ ಆಕಿ ಅನ್ನ ಸೇರಂಗಿಲ್ಲ ಅಂತ ಒಂದ ಮಾತು ಊರಾಗ ಬಿತ್ತಂದ್ರ ಖಾನಾವಳಿ ಉಳಿತದೇನು? ಕೈ ಮುಗೀತೀನಿ ಫಕೀರ. ಬಾಯಿ ಬಿಡಬ್ಯಾಡ.”

ನನಗೂ ಅದು ಖರೆ ಅನ್ನಿಸಿತು. ಐದು ನಿಮಿಷದಲ್ಲಿ ಭಾವನ ಮೊಬೈಲಿಗೆ ಬೇರೆ ಹೆಸರು ತೆರೆದುಕೊಟ್ಟೆ. ಇಷ್ಟೇ ಕೆಲಸ. ತಿಂಗಳ ತಲೆನೋವಿಗೆ ಐದು ನಿಮಿಷ. ಬಾಯಿ ಬಿಡುವುದಿಲ್ಲ ಎಂದು ಅವನ ಸುಟ್ಟ ಕೈ ಮುಟ್ಟಿ ಮಾತು ಕೊಟ್ಟೆ.

ಅಮವಾಸ್ಯೆಯ ದಿನ ಹನ್ನೆರಡೂ ಇಪ್ಪತ್ತಾಯಿತು, ಹನ್ನೆರಡೂವರೆಯಾಯಿತು. ಹಾಡು ಹೊಳೆಯಂತೆ ಹರಿಯಿತು. ಅನ್ನ ಉದುರುದುರಾಗಿ ಅರಳಿತು. ಮೊದಲ ಹಂಡೆ ಬಡಿಸಿ, ಅಕ್ಕ ಎರಡನೆಯದಕ್ಕೆ ಎಸರಿಟ್ಟಳು. ಸುದ್ದಿ ಹೇಗೆ ಹಬ್ಬಿತೋ, ಪಡಸಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಕೂತಿದ್ದರು. ಭಾವನೂ ಗೋದಾಮಿನಿಂದ ಬೇಗ ಬಂದು ಮೇಜಿನ ಮುಂದೆ ಕುಳಿತಿದ್ದ. ಅವನ ಮುಖದಲ್ಲಿ ಹೊಟ್ಟೆ ತುಂಬಿದವನ ಕಳೆಯಿತ್ತು. ನಾನು ಅಲ್ಲಿಂದ ಆಗಲೇ ಎದ್ದು ಹೋಗಬೇಕಿತ್ತು.

“ಏನಾಗಿತ್ತೋ ಕಡೀಗೆ?” ಎಂದಳು ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

“ಏನೋ ಒಂದು. ಸರಿಯಾತಲ್ಲ.”

“ಏನೋ ಒಂದು!” ಎಂದರು ಕೊಟ್ರೇಶಿ ಮಾಸ್ತರು, ಸಾರು ಕಲಸುತ್ತಾ. “ಅವಗ ಗೊತ್ತಿದ್ರ ಹೇಳತಿದ್ದ ನೀಲವ್ವ. ಡಬ್ಬಿ ತಾನ ಕೆಟ್ಟಿತ್ತು, ತಾನ ಸುದ್ದಾತು. ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಹೋತು. ಇಲಿ ಅಂದ, ಪಿಪಾಯಿ ಅಂದ, ಮಿಕ್ಸರ್ ಅಂದ, ನಮ್ಮ ಕುಸ್ತಿ ಬಂದ್ ಮಾಡಿದ. ಏಳನೇತ್ತೆ ಪಾಸಾದವಗ ಇಷ್ಟಽ ಬರೂದು. ಅದೂ ನಾನ ಪಾಸ್ ಮಾಡಿದ್ದು.”

ಎಲ್ಲರೂ ನಕ್ಕರು. ಭಾವನೂ ಮೆಲ್ಲಗೆ ನಕ್ಕ. ಅವನು ನಗಬಾರದಿತ್ತು. ನನ್ನ ಕಿವಿಯ ಬುಡದಲ್ಲಿ ಎಣ್ಣೆ ಕಾದ ಹಾಗಾಯಿತು.

“ನನಗ ಗೊತ್ತಿಲ್ಲೇನು? ನನಗ?” ಎಂದು ಎದ್ದು ನಿಂತೆ. “ಡಬ್ಬಿದೇನೂ ತಪ್ಪಿಲ್ಲ, ಗ್ವಾಡಿದೂ ತಪ್ಪಿಲ್ಲ! ನಕ್ಕೋತ ಕುಂತಾನ ನೋಡ್ರಿ, ಅವನ್ನ ಕೇಳ್ರಿ! ನೀವು ಇಲ್ಲೆ ಅಕ್ಕನ ಅನ್ನಕ್ಕ ಬಾಯಿ ತಕ್ಕೊಂಡು ಕುಂತಾಗ, ಆಕಿ ಗಂಡ ಗೋದಾಮಿನ್ಯಾಗ ಜೋಗುಳ ಹಾಕಿ ಬ್ಯಾರೆ ಅನ್ನ ಬೇಯಿಸಿಕೊಂಡು ಉಣ್ತಾನ! ಇಲ್ಲೀದು ಎಮ್ಮಿಗೆ ಹಾಕತಾನ!”

ಹೇಳಿ ಮುಗಿಯುವ ಮೊದಲೇ ನಾಲಿಗೆ ಕಚ್ಚಿಕೊಂಡೆ. ಕಚ್ಚಿಕೊಂಡರೇನು, ಮಾತು ಪಡಸಾಲೆ ತುಂಬಾ ಹರಡಿಯಾಗಿತ್ತು. ಮೂವತ್ತು ಕೈಗಳು ಬಾಯಿಯ ಹತ್ತಿರ ಹೋಗಿ ನಿಂತವು. ಮಾಸ್ತರು ತಮ್ಮ ತುತ್ತನ್ನೇ, ಅದು ಯಾರದೋ ಎನ್ನುವ ಹಾಗೆ ನೋಡಿದರು. ಒಳಗೆ ಭಜನೆ ಮಾತ್ರ ತಾಳ ಬಡಿಯುತ್ತಿತ್ತು.

ಅಕ್ಕ ಮೇಜಿನ ಬಳಿಗೆ ಬಂದಳು. “ಖರೇನ?”

ಭಾವ ಚೀಟಿಗಳನ್ನು ಜೋಡಿಸಿದ, ಮತ್ತೆ ಕೆದರಿದ. “ಖರೆ.”

“ಯಾವಾಗಿಂದ?”

“ಯುಗಾದಿಯಿಂದ.” ಆಮೇಲೆ ತಾನೇ ಸೇರಿಸಿದ, “ಬೇಯಿಸೂದು ಯುಗಾದಿಯಿಂದ. ಸೇರಲಾರದ್ದು ಲಗ್ನಾದಾಗಿಂದ.”

ಅಕ್ಕ ಬೈಯುತ್ತಾಳೆ ಎಂದು ಎಲ್ಲರೂ ಕಾದೆವು. ಸೌಟು ಭಾವನ ತಲೆ ಮೇಲೆ ಬೀಳುತ್ತದೆ ಎಂದು ನಾನು ಅಡ್ಡ ಹೋಗಲು ಒಂದು ಹೆಜ್ಜೆ ಮುಂದಿಟ್ಟೆ.

“ಈ ಊರಾಗ ಯಾರಿಗೆ ಎಷ್ಟು ಖಾರ, ಯಾರಿಗೆ ಸಾರು ತೆಳ್ಳಗ, ಯಾರಿಗೆ ಉಳ್ಳಾಗಡ್ಡಿ ಬ್ಯಾಡ, ಎಲ್ಲಾ ಗೊತ್ತದ ನನಗ,” ಎಂದಳು ಅಕ್ಕ, ಅವನಿಗಲ್ಲ, ತನಗೇ ಹೇಳಿಕೊಳ್ಳುವ ಹಾಗೆ. “ಈ ಮಾಸ್ತರಗ ಯಾವ ಹಲ್ಲಿಲ್ಲ ಅನ್ನೂದೂ ಗೊತ್ತದ.” ಆಮೇಲೆ ಭಾವನ ಕಡೆ ತಿರುಗಿದಳು. “ಅಲ್ಲಿ ಹೆಂಗಾಗಿತ್ತು ಇವತ್ತು?”

“ತಳ ಹತ್ತಿತ್ತು ಒಂದೀಟು,” ಎಂದ ಭಾವ. “ನೀರಿಂದು ಅಂದಾಜು ಸಿಗವಲ್ದು.”

“ಒಂದಕ್ಕ ಮೂರು ಹಾಕಬೇಕು. ಯಾರನ್ನರ ಕೇಳಿದ್ರ ಹೇಳತಿದ್ದಿಲ್ಲೇನು?”

ಅವಳು ಸೌಟನ್ನು ನನ್ನ ಕೈಗೆ ಕೊಟ್ಟಳು. ಕೊಟ್ಟಳು ಎನ್ನುವುದಕ್ಕಿಂತ ನನ್ನ ಎದೆಗೆ ಒತ್ತಿದಳು ಎನ್ನಬೇಕು. ಗೂಡಿನಿಂದ ತುಪ್ಪದ ಗಿಂಡಿ ಇಳಿಸಿಕೊಂಡು ಸೆರಗಿನಲ್ಲಿ ಸುತ್ತಿದಳು. ಚಪ್ಪಲಿ ಮೆಟ್ಟಿದಳು. ಮೂವತ್ತು ಜನರ ನಡುವೆ ಹಾದು, ಯಾರ ತಾಟನ್ನೂ ನೋಡದೆ ಬಾಗಿಲಿಗೆ ಹೋದಳು.

“ಅಕ್ಕ, ಎಲ್ಲಿಗೆ? ಎರಡನೇ ಹಂಡೆ ಒಲಿ ಮ್ಯಾಲೈತಿ!” ಎಂದು ಕೂಗಿದೆ.

“ನಿನ್ನ ಡಬ್ಬಿ ಐತಲ್ಲ, ಬೇಯಿಸಕೊ,” ಎಂದಳು. ಭಾವನಿಗೆ, “ಏಳ್ರಿ. ನನಗ ಗೋದಾಮಿನ ಕೀಲಿ ಎಲ್ಲಿರತೈತಿ ಅನ್ನೂದೂ ಗೊತ್ತಿಲ್ಲ,” ಎಂದಳು.

ಭಾವ ಚೀಟಿಯ ಡಬ್ಬಿಯನ್ನು ಬೀಳಿಸಿ ಎದ್ದ. ಅವಳು ಆಗಲೇ ಓಣಿಯ ತಿರುವಿನಲ್ಲಿದ್ದಳು. ಅವನು ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದು ಕಾಲಲ್ಲಿ ಮಾಸ್ತರ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದ.

ನಾನು ಎರಡನೆಯ ಹಂಡೆ ಇಳಿಸಿದೆ, ಬಡಿಸಿದೆ. ಯಾರೂ ಎದ್ದು ಹೋಗಲಿಲ್ಲ. ಎರಡು ಗಂಟೆಗೆ ಹುಸೇನಬಿಯನ್ನು ಗೋದಾಮಿಗೆ ಕಳಿಸಿದೆ. ಅವಳು ಹೋಗಿ ಬಂದು ಹಿಟ್ಟಿನ ಪರಾತದ ಮುಂದೆ ಕುಳಿತಳು.

“ಏನಂದ್ಲು?”

“ಬಾಗಲಾ ಹಾಕೇತಣ್ಣ. ಒಳಗ ನೀಲವ್ವಕ್ಕ ಹಾಡಾಕತ್ತಾಳ. ಡಬ್ಬಿ ಅಲ್ಲ, ಆಕೀನ. ದನಿ ಒಡದೈತಿ, ಆದ್ರೂ ಹಾಡಾಕತ್ತಾಳ. ನಾ ಬಾಗಲಾ ಬಡೀಲಿಲ್ಲ.”

ಮೂರು ಹೊಡೆಯಿತು. ನಾಲ್ಕು ಹೊಡೆಯಿತು. ಮಾಸ್ತರು ಬರಿಗಾಲಲ್ಲಿ ಮನೆಗೆ ಹೋದರು. ಸಂಜೆಯ ಊಟಕ್ಕೆ ಜನ ಬಂದು ಕೂತರು. ನಾನು ಸೌಟು ಹಿಡಿದುಕೊಂಡು ಬಾಗಿಲು ನೋಡುತ್ತಲೇ ಇದ್ದೆ. ಅಕ್ಕ ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಆ ಒಲೆಯ ಮುಂದಕ್ಕೆ ಅವಳು ಮತ್ತೆ ಬರಲೇ ಇಲ್ಲ; ಗೋದಾಮಿನ ಸಣ್ಣ ಸ್ಟೋವಿನ ಮುಂದೆ ಭಾವನಿಗೆ ಹಾಡುತ್ತಾ ಉಳಿದಳು, ಖಾನಾವಳಿಯ ಸೌಟು ನನ್ನ ಕೈಯಲ್ಲೇ ಉಳಿಯಿತು.